ಆ ತುದಿಯ ಬಾಗಿಲು

"ನೀವೇ ಒಂದ್ಸಲ ಟಾಯ್ಲೆಟ್‌ವರೆಗೆ ಹೋಗ್ಬನ್ನಿ ಸಾರ್," ಎಂದು ಮುನಿರತ್ನಮ್ಮ ತನ್ನ ಸ್ಕ್ಯಾನರನ್ನು ಕಣ್ಣಿಗೊತ್ತಿಕೊಂಡು ಮ್ಯಾನೇಜರ್ ಹರಿಪ್ರಸಾದರ ಕೈಗಿಟ್ಟಳು. ದೊಡ್ಡಬಳ್ಳಾಪುರದ ಹೊರಗಿನ ಆ ಆನ್‌ಲೈನ್ ಅಂಗಡಿಯ ಗೋದಾಮಿನಲ್ಲಿ ಆಗಷ್ಟೇ ಅವರು ಎಲ್ಲರನ್ನೂ ಸೇರಿಸಿ, ಇಲ್ಲಿ ಏನು ಇಷ್ಟ, ಏನು ಕಷ್ಟ, ಹೆದರದೆ ಹೇಳಿ ಎಂದಿದ್ದರು.

"ಒಂದನೇ ತಾರೀಕು ಸಂಬಳ ಬರ್ತದೆ, ಮನೆ ಹತ್ರಕ್ಕೇ ಬಸ್ ಬರ್ತದೆ. ಘಾಟಿ ಸುಬ್ರಹ್ಮಣ್ಯನಾಣೆ, ಅದು ಇಷ್ಟ. ಆದ್ರೆ ನಾಲ್ಕು ನಿಮಿಷ ಸಾಮಾನು ಸ್ಕ್ಯಾನ್ ಮಾಡ್ದಿದ್ರೆ ಇದು ಕಿರುಚ್ಕೊಳ್ತದೆ, ನಮ್ಮ ಹೆಸ್ರಿಗೆ ಒಂದು ತಪ್ಪು ಬೀಳ್ತದೆ. ನಮ್ಮ ಶಾಮಲಾ ಏಳು ತಿಂಗಳ ಬಸುರಿ. ಎರಡು ತಪ್ಪು ಬಿದ್ದಿದೆ, ಮೂರಾದ್ರೆ ಕೆಲ್ಸ ಹೋಯ್ತು. ಬೆಳಗ್ಗಿಂದ ಕಾಲು ಬಿಗಿಹಿಡ್ಕೊಂಡು ನಿಂತವ್ಳೆ."

"ಅದೆಷ್ಟು ದೂರ ಇದೆಯಮ್ಮಾ?" ಎಂದು ನಗುತ್ತಲೇ ಹೊರಟರು ಹರಿಪ್ರಸಾದ್. ಕಪಾಟುಗಳ ಸಾಲು ದಾಟಿದರು. ತಪಾಸಣೆಯ ಜಾಗದಲ್ಲಿ ಗಾರ್ಡ್ ಬೈರಣ್ಣ, "ರೂಲ್ಸ್ ಸಾರ್, ಬೇಜಾರ್ ಮಾಡ್ಕೋಬೇಡಿ," ಎಂದು ಅವರ ಜೇಬುಗಳನ್ನೂ ಒಂದೊಂದಾಗಿ ತಡವಿದ. ಇತ್ತ ನೂರು ಮಂದಿ ಮಂಗಳಾರತಿಗೆ ಕಾದಂತೆ ಕತ್ತು ಚಾಚಿ ನಿಂತರು. ಕೊನೆಗೆ ಆ ತುದಿಯಿಂದ ಸ್ಕ್ಯಾನರ್ ಕಿರುಚಿತು. ಅದರ ಹಿಂದೆಯೇ ಅವರ ಕೂಗು ತಗಡಿನ ಸೂರಿಗೆ ಬಡಿದು ಎಲ್ಲರಿಗೂ ಕೇಳಿಸಿತು: "ಅಯ್ಯೋ, ನಾನಿನ್ನೂ ಬಾಗಿಲೇ ತೆಗ್ದಿಲ್ಲ ಕಣ್ರೀ!"

ಗೋದಾಮೆಲ್ಲ ನಕ್ಕಿತು. ಬೆವರೊರೆಸಿಕೊಳ್ಳುತ್ತ ಬಂದ ಹರಿಪ್ರಸಾದ್, "ಇನ್ಮೇಲೆ ಟಾಯ್ಲೆಟ್ಟಿಗೆ ಹೋಗಿಬರೋ ಹೊತ್ತು ಲೆಕ್ಕಕ್ಕಿಲ್ಲ. ಶಾಮಲಾ ಹೆಸರಲ್ಲಿರೋ ಎರಡೂ ತಪ್ಪು ಈಗಲೇ ಅಳಿಸ್ತೀನಿ," ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಶಾಮಲಾ ಹೊರಟೇಬಿಟ್ಟಿದ್ದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಅವಳು ತುಂಬಿದ ಕೊಡ ಹೊತ್ತವಳ ಹಾಗೆ, ಒಂದಿಷ್ಟೂ ಅವಸರವಿಲ್ಲದೆ ನಡೆದಳು.