ಮುಂದೆ ಕೂತವರು

"ಹಿಂದಿನ ಸೀಟು, ಹಿಂದಿನ ಪೆಡಲು ಎಲ್ಲಾ ಬಿಚ್ಚಿಬಿಡಪ್ಪಾ. ಇಲ್ಲಿಂದ ಮುಂದಕ್ಕೆ ನಾನೊಬ್ಬನೇ," ಎನ್ನುತ್ತಾ ಗಂಡ, ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ಲನ್ನು ರಿಪೇರಿ ಅಂಗಡಿಯ ಗೋಡೆಗೆ ಒರಗಿಸಿದ. ಹೆಂಡತಿ ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತು ಮೀನಖಂಡ ನೀವಿಕೊಳ್ಳುತ್ತಿದ್ದಳು. ಗುಡ್ಡ ಹತ್ತಿ, ಹೊಳೆ ದಾಟಿ, ಮತ್ತೆ ಗುಡ್ಡ ಹತ್ತಿ ಇಬ್ಬರೂ ಒಂಬತ್ತು ದಿನ ಸೈಕಲ್ ತುಳಿದು ಬಂದಿದ್ದರು. ಉಳಿದದ್ದು ಒಂದೇ ಏರು. ಅದರ ನೆತ್ತಿಯಲ್ಲಿ ನಿಂತರೆ ಎರಡು ನದಿ ಕೂಡುವ ಜಾಗ ಕಾಣುತ್ತದಂತೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂದೇ ಅವಳು ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಹೊರಟಿದ್ದಳು. ಈಗ ನೋಡಿದರೆ ಗಂಡ ಅವಳನ್ನು ಮಧ್ಯಾಹ್ನದ ಬಸ್ಸು ಹತ್ತಿಸಿ ಮನೆಗೆ ಕಳಿಸುವ ಹುನ್ನಾರದಲ್ಲಿದ್ದ.

ಗಂಡನ ಕಸುಬು ಭಾಷಣ. ಕಚೇರಿ ಕಚೇರಿ ಅಲೆದು, ಜನ ಒಟ್ಟಾಗಿ ದುಡಿಯುವುದು ಹೇಗೆಂದು ಪಾಠ ಹೇಳುವ ಮಹಾನುಭಾವ. ಊರಿಗೆ ಮರಳಿದ ಕೂಡಲೇ ಈ ಪ್ರವಾಸದ ಮೇಲೂ ಒಂದು ಭಾಷಣ ಗ್ಯಾರಂಟಿ. ಅದಕ್ಕೆಂದೇ ಅಂಗಿಯ ಬೆನ್ನಿಗೆ 'ಇಬ್ಬರ ದುಡಿಮೆ, ಒಂದೇ ಗುರಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿಕೊಂಡಿದ್ದ. ಹಿಂದೆ ಕೂತ ಹೆಂಡತಿಗೆ, ಪಾಪ, ಒಂಬತ್ತು ದಿನ ಆ ಬೆನ್ನು ಬಿಟ್ಟರೆ ಬೇರೇನೂ ನೆಟ್ಟಗೆ ಕಂಡಿರಲಿಲ್ಲ.

"ಇವಳ ಕೈಲಿ ಆಗ್ತಿಲ್ಲಪ್ಪಾ. ಮೂರು ದಿನದಿಂದ ಒಂದೇ ಸಮ ಏದುಸಿರು," ಎಂದ ಗಂಡ ರಿಪೇರಿಯ ಮುದುಕನಿಗೆ. "ನನ್ನ ನೋಡು. ಮೂರು ದಿನದಿಂದ ಏರು ಅನ್ನೋದೇ ಗೊತ್ತಾಗ್ತಿಲ್ಲ. ಕಾಲು ತಾನಾಗೇ ತಿರುಗುತ್ತೆ. ಎಲ್ಲಾ ಮನಸ್ಸಲ್ಲಿರುತ್ತೆ, ಏನಂತೀಯ?"

"ಒಂಚೂರು ನಿಧಾನಕ್ಕೆ ಹೋಗೋಣ ರೀ. ನಾನೂ ಬರ್ತೀನಿ," ಎಂದಳು ಹೆಂಡತಿ.

"ಮತ್ತೆ ಶುರು ಮಾಡಬೇಡ. ನಿನ್ನ ಹೊತ್ಕೊಂಡು ಗುಡ್ಡ ಹತ್ತೋಕೆ ನಾನೇನು ಕತ್ತೆನಾ?"

ಅವಳಿಗೆ ಅಳು ಒತ್ತರಿಸಿ ಬಂತು. ಗುರುತಿಲ್ಲದವರ ಅಂಗಡಿಯಲ್ಲಿ ಅಳುವುದು ಹೇಗೆಂದು ನುಂಗಿಕೊಂಡಳು.

ಮುದುಕ ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತ. ಅಭ್ಯಾಸಬಲದಿಂದ ಮುಂದಿನ ಪೆಡಲನ್ನು ಬೆರಳಲ್ಲಿ ತಟ್ಟಿದ. ಅದು ಗಿರ್ರನೆ ಐದಾರು ಸುತ್ತು ತಿರುಗಿತು. ಹಿಂದಿನ ಪೆಡಲು ಮಿಸುಕಲಿಲ್ಲ. ಮುದುಕ ಸೈಕಲ್ಲಿನ ಆಚೆ ಬದಿಗೆ ಹೋಗಿ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಸಾರ್, ಮುಂದಿನ ಪೆಡಲಿಂದ ಹಿಂದಿನ ಪೆಡಲಿಗೆ ಒಂದು ಚೈನು ಇರಬೇಕಲ್ಲ, ಎಲ್ಲಿ?"

"ಅಲ್ಲೇ ಇರುತ್ತೆ, ಸರಿಯಾಗಿ ನೋಡು."

"ಇಲ್ಲ ಸಾರ್. ಚಕ್ರಕ್ಕೆ ಚೈನಿರೋದು ಹಿಂದಿನ ಪೆಡಲಿಂದ ಮಾತ್ರ. ನೀವು ತುಳಿದಿರೋದು ಬರೀ ಗಾಳಿ."

ಹೆಂಡತಿ ಬೆಂಚಿನಿಂದ ಎದ್ದು ಬಂದಳು. "ಮೂರು ದಿನದ ಹಿಂದೆ ಸೇತುವೆ ಮೇಲೆ ಏನೋ ಠಣ್ ಅಂತ ಬಿತ್ತು. ನಿಲ್ಲಿಸಿ ರೀ ಅಂದೆ. ಗುರಿ ಇಟ್ಕೊಂಡೋರು ಹಿಂದೆ ತಿರುಗಿ ನೋಡಬಾರದು ಅಂದ್ರು ಇವರು."

ಮುದುಕನಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರೆ ಮೂರು ದಿನ ಗಾಡಿ ಎಳೆದಿರೋದು ನೀವೊಬ್ಬರೇ ಅಮ್ಮಾ. ಜೊತೆಗೆ ಇವರನ್ನೂ."

ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಮಾತು, ತಪ್ಪಾಯ್ತು ಕಣೇ ಅಂತಲೋ ಏನೋ, ಅಂದು ಮುಗಿಸುತ್ತಿದ್ದರು. ಆದರೆ ಭಾಷಣದಿಂದ ಹೊಟ್ಟೆ ಹೊರೆಯುವವನಿಗೆ ಅಷ್ಟು ಚಿಕ್ಕ ಮಾತು ಎಲ್ಲಿಂದ ಬರಬೇಕು! "ಅದಕ್ಕೂ ಮುಂಚೆ ಆರು ದಿನ ನಾನು ತುಳಿದಿಲ್ವಾ? ಹಾಕಪ್ಪಾ ಬೇರೆ ಚೈನು. ಒಬ್ಬನೇ ಹತ್ತಿ ತೋರಿಸ್ತೀನಿ. ನೀನು ಬಸ್ ಹತ್ತು," ಎಂದು ಗುಡುಗಿದ.

ಮುದುಕ ಹಳೆಯ ಚೈನುಗಳ ರಾಶಿಯಿಂದ ಎರಡು ತುಂಡು ಹೆಕ್ಕಿ, ಬೆಸೆದು, ಎಣ್ಣೆ ಬಿಟ್ಟು ಕೂರಿಸಿದ. ಹಿಂದಿನ ಸೀಟು, ಪೆಡಲು ಬಿಚ್ಚಿ ಮೂಲೆಗಿಟ್ಟ. ಗಂಡ ಎದೆಯುಬ್ಬಿಸಿಕೊಂಡು ಹೊರಟೇಬಿಟ್ಟ. ಅವನು ಮೊದಲ ತಿರುವಿನಲ್ಲಿ ಮರೆಯಾಗುವ ತನಕ ಹೆಂಡತಿ ನೋಡುತ್ತಾ ನಿಂತಿದ್ದಳು. ಒಂಬತ್ತು ದಿನದ ಸಿಟ್ಟು ಒಟ್ಟಿಗೇ ನೆತ್ತಿಗೇರಿತು.

"ಅಜ್ಜಾ, ನಿಮ್ಮ ಹತ್ರ ಒಂದು ಸೈಕಲ್ ಇದ್ರೆ ಸಂಜೆವರೆಗೂ ಕೊಡ್ತೀರಾ?"

"ನಂದೇ ಒಂದಿದೆ. ಗುಜರಿ ಅಮ್ಮಾ ಅದು. ಗೇರಿಲ್ಲ, ಮಡ್‌ಗಾರ್ಡ್ ಇಲ್ಲ."

"ಚೈನಿದೆ ತಾನೇ?"

ಗಂಡನಿಗೆ ಮೂರು ದಿನದ ಬಳಿಕ ಏರು ಎಂದರೇನೆಂದು ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಎರಡನೇ ತಿರುವಿಗೆ ಬೆವರು ಕಣ್ಣಿಗಿಳಿಯಿತು. ನಾಲ್ಕನೆಯದರಲ್ಲಿ ಅವನು ಮೋರಿಯ ಕಟ್ಟೆ ಮೇಲೆ ಕೂತು, ಆ ಮುದುಕ ಬೇಕಂತಲೇ ಚೈನು ಬಿಗಿ ಮಾಡಿದ್ದಾನೆ ಎಂದು ಒಬ್ಬನೇ ಬೈಯುತ್ತಿದ್ದ. ಅಷ್ಟರಲ್ಲಿ ಕೆಳಗಿನಿಂದ ಕಿರ್ರೋ ಕಿರ್ರೋ ಎಂದು ತುಕ್ಕು ಹಿಡಿದ ಸೈಕಲ್ಲೊಂದು ಮೇಲೇರಿ ಬಂತು. ಮೇಲೆ ಕೂತವಳು ಹೆಂಡತಿ. ವರ್ಷಾನುಗಟ್ಟಲೆ ಹೊಲಿಗೆ ಯಂತ್ರ ತುಳಿದ ಕಾಲು, ಮೂರು ದಿನ ಇಬ್ಬರನ್ನು ಎಳೆದ ಕಾಲು. ತನ್ನೊಬ್ಬಳ ಭಾರ ಅದಕ್ಕೆ ಯಾವ ಲೆಕ್ಕ! ಎಡಕ್ಕೆ ತೆರೆದುಕೊಂಡ ಕಣಿವೆಯಲ್ಲಿ ನದಿ ಬಾಗಿ ಹರಿಯುವುದನ್ನು ಅವಳು ಮನಸಾರೆ ನೋಡುತ್ತಾ ಬರುತ್ತಿದ್ದಳು. ಅವಳಿಗೆ ಖುಷಿಯೋ ಖುಷಿ.

"ಏಯ್, ನಿಂತ್ಕೊಳ್ಳೇ!" ಗಂಡ ಎದ್ದು ರಸ್ತೆ ಮಧ್ಯಕ್ಕೆ ಬಂದ. "ನನ್ನೊಬ್ಬನ್ನೇ ಬಿಟ್ಟು ಹೋಗ್ತೀಯಾ?"

ಅವಳು ಹ್ಯಾಂಡಲ್ ಕೊಂಚ ಓರೆ ಮಾಡಿ ಅವನನ್ನು ಬಳಸಿಕೊಂಡು ಹೋದಳು.

"ಏರಲ್ಲಿ ನಿಲ್ಲಿಸಬಾರದು ರೀ," ಎಂದಳು ಪೆಡಲು ಬಿಡದೆ. "ನಿಂತ್ರೆ ಮತ್ತೆ ಹೊರಡೋಕೆ ಆಗಲ್ಲ."