ಲಾರಿ ಹತ್ತದ ಟಗರು

ಲಾರಿಗೆ ಹತ್ತಿಸಲೆಂದು ಟಗರಿನ ದವಡೆ ಹಿಡಿದ ಸುಮಂಗಲಾಳ ಅಂಗೈಗೆ ಅಂಟಂಟಾದ ಜೊಲ್ಲು ಹತ್ತಿತು. ಮೆಲ್ಲಗೆ ಅದರ ತುಟಿ ಸರಿಸಿ ನೋಡಿದಳು. ಒಸಡಿನ ಮೇಲೆ ಹಸಿ ಹುಣ್ಣು. ಕಾಲುಬಾಯಿ ಬೇನೆ.

"ಎತ್ತಿ ಕೊಡ ತಂಗಿ, ಮುಂಬೈ ದೂರ ಐತಿ," ಎನ್ನುತ್ತ ಲಾರಿಯ ಮೇಲಿದ್ದ ವ್ಯಾಪಾರಿ ಪರಪ್ಪ ಕೈ ಚಾಚಿದ. ಅಲ್ಲಿನ ಕಾರ್ಖಾನೆಯಿಂದ ಮಾಂಸ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಒಂದು ಲೋಡಿನಲ್ಲಿ ಬೇನೆ ಸಿಕ್ಕರೂ ಆ ದೇಶದವರು ಖರೀದಿಯನ್ನೇ ನಿಲ್ಲಿಸಿಬಿಡುತ್ತಾರೆಂದು ಅವನೇ ಹೇಳಿದ್ದ. ಕನ್ನೊಳ್ಳಿಯ ಅರ್ಧ ಊರು ತಮ್ಮ ತಮ್ಮ ಕುರಿ ಹಿಡಿದುಕೊಂಡು ಅವಳ ಹಿಂದೆ ಸಾಲಾಗಿ ನಿಂತಿತ್ತು. ಹೇಳಿದರೆ ಅವರೆಲ್ಲರ ವ್ಯಾಪಾರ ಕೆಡುತ್ತದೆ. ಹೇಳದಿದ್ದರೆ ಲಾರಿಯ ತುಂಬ ಬೇನೆ ಹಬ್ಬುತ್ತದೆ. ಅವಳು ಟಗರನ್ನು ತನ್ನತ್ತ ಎಳೆದುಕೊಂಡಳು.

"ಇದನ್ನ ಒಯ್ಯಬ್ಯಾಡ್ರಿ ಅಣ್ಣಾರ," ಎಂದಳು. "ಬಾಯಾಗ ಹುಣ್ಣ ಆಗ್ಯಾವ."

ಪರಪ್ಪ ಬೆಂಕಿ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ. "ಯಾರದೂ ಹತ್ತಸಬ್ಯಾಡ್ರಿ! ಮೊದಲ ಎಲ್ಲಾರೂ ನಿಮ್ಮ ನಿಮ್ಮ ಕುರಿ ಬಾಯಿ ನೋಡ್ರಿ!" ಎಂದು ಕೂಗಿದ.

"ಎಲ್ಲಾರ ಹೊಟ್ಟಿ ಮ್ಯಾಲ ಹೊಡದ್ಯಲ್ಲಬೇ!" ಎಂದು ಸಾಲಿನಿಂದ ಯಾರೋ ಗದರಿದರು. ಸುಮಂಗಲಾ ಹೆದರುತ್ತಲೇ ತಿರುಗಿ ನೋಡಿದಳು. ಅವಳ ಹಿಂದೆಯೇ ನಿಂತಿದ್ದ ಪಕ್ಕದ ಮನೆಯ ಪರಶುವಿನ ಕುರಿಗಳು ದಿನವೂ ಅವಳ ಕುರಿಗಳ ಜೊತೆಗೇ ಹಳ್ಳದ ನೀರು ಕುಡಿಯುತ್ತಿದ್ದವು. ಅವನು ತನ್ನ ಕುರಿಯ ಬಾಯಿ ಬಿಡಿಸಿ ಇಣುಕಿದ. ಅವನ ಮುಖ ಬಿಳಿಚಿಕೊಂಡಿತು. ಯಾರಾದರೂ ಕಂಡರೇ ಎಂದು ಅತ್ತಿತ್ತ ನೋಡಿ, ಎರಡೂ ಕೈಗಳಿಂದ ಅದರ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಹಿಡಿದ.