ಹಿಂದೆ ಬರುವವನು

ಕಡಿದಾದ ತಿರುವಿನಲ್ಲಿ ಮುರ್ಜೊ ನಿಂತು ಹಿಂದಕ್ಕೆ ನೋಡಿತು. ಕುರಿ ಕಾಯುವ ತಳಿಯ ನಾಯಿ. ಜೊತೆಗೆ ಹೊರಟವರೆಲ್ಲ ತನ್ನ ಮಂದೆಯೆಂದೇ ಅದರ ನಂಬಿಕೆ. ಕೊನೆಯವರ ತನಕ ಓಡಿಹೋಗಿ, ಎಲ್ಲರೂ ಬರುತ್ತಿದ್ದಾರೆಂದು ನೋಡಿಕೊಂಡರೇ ಅದಕ್ಕೆ ಸಮಾಧಾನ. ಕೊನೆಯವನು ಯಾವಾಗಲೂ ಸ್ತಾಮೆನ್. ಅವನು ತೀರಿಕೊಂಡು ಏಳು ತಿಂಗಳಾಗಿತ್ತು. ಆದರೂ ಪಿರಿನ್ ಬೆಟ್ಟ ಹತ್ತುವಾಗಲೆಲ್ಲ ಅದು ಅವನ ಹೆಂಡತಿ ನೇವೆನಾಳನ್ನೂ ಮಗಳು ಕಾಲಿನಾಳನ್ನೂ ದಾಟಿ ಕೆಳಗಿನ ಪೈನ್ ಮರಗಳವರೆಗೆ ಓಡುತ್ತಿತ್ತು, ಅಲ್ಲೇ ಕೂತು ಕಾಯುತ್ತಿತ್ತು.

“ಮತ್ತೆ ಶುರುವಾಯ್ತಾ ನಿಂದು? ಅಲ್ಲಿ ಯಾರೂ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ!” ನೇವೆನಾ ರೇಗಿದಳು.

“ಪಾಪ, ಬೈಬೇಡಮ್ಮ. ಅಪ್ಪ ಸಿಗರೇಟು ಸೇದಿ ಸೇದಿ ಏದುಸಿರು ಬಿಡ್ತಾ ಬರೋರು. ಕೇಳಿದ್ರೆ, ಹೂವಿನ ಫೋಟೊ ತೆಗೀತಿದ್ದೆ ಅನ್ನೋರು.”

“ಹೂಂ, ಕ್ಯಾಮೆರಾ ಮನೇಲೇ ಬಿಟ್ಟು ಬಂದಿರ್ತಿದ್ದ, ಕಳ್ಳ!”

ನಾಯಿ ಕೆಳಗಿನ ದಾರಿಯನ್ನೇ ದಿಟ್ಟಿಸಿತು. ಗಾಳಿಯನ್ನೊಮ್ಮೆ ಮೂಸಿತು. ಆಮೇಲೆ ತಾಯಿಯನ್ನು ನೋಡಿತು, ಮಗಳನ್ನು ನೋಡಿತು, ಇನ್ನು ಮಂದೆ ಇಷ್ಟೇ ಎಂಬಂತೆ ಬಾಲ ಅಲ್ಲಾಡಿಸಿ ಮೇಲಕ್ಕೆ ನಡೆಯಿತು. ಮುಂದಿನ ತಿರುವು ಬಂತು, ಅದರಾಚೆಯ ತಿರುವೂ ಬಂತು. ಅದು ಹಿಂದಿರುಗಿ ನೋಡಲಿಲ್ಲ.

“ಅಮ್ಮ, ಕೊನೆಗೂ ನಿನ್ನ ಮಾತು ಕೇಳ್ತು ನೋಡು,” ಎನ್ನುತ್ತ ಕಾಲಿನಾ ತಿರುಗಿದಳು. ಅಮ್ಮ ಹಿಂದೆ ಇರಲಿಲ್ಲ. ಅವಳು ಕೆಳಗೆ ಇಳಿದುಹೋಗಿ, ಪೈನ್ ಮರಗಳ ಹತ್ತಿರ, ಖಾಲಿ ದಾರಿಯತ್ತ ಮುಖ ಮಾಡಿ ಕಾಯುತ್ತ ನಿಂತಿದ್ದಳು.